ಕೆಂಡ ಹೊರಗೆ, ಕಂಬಳಿ ಒಳಗೆ

ದೀಪಾವಳಿ ಮುಗಿಯಿತು. ಬೆಳಗ್ಗೆ ಎದ್ದರೆ ಅಂಗಳದ ತುಂಬ ಇಬ್ಬನಿ. ಸಂತೆಗೆ ಸೊಗಡಿನ ಅವರೆಕಾಯಿ ಬಂತು. ಮಕ್ಕಳ ತುಟಿ ಒಡೆಯಿತು. ಮಾಗಿ ಚಳಿ ಬಾಗಿಲಿಗೆ ಬಂದು ನಿಂತಿದೆ ಅಂತ ಅರ್ಥ.

ನಮ್ಮ ನಾಡಿನ ಚಳಿ ಹಿಮ ಬೀಳುವ ಚಳಿ ಅಲ್ಲ. ಆದರೂ ಬೀದರ್, ವಿಜಯಪುರದ ಕಡೆ ಕೆಲವು ವರ್ಷ ರಾತ್ರಿ ಹೊತ್ತು 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಮಲೆನಾಡಿನಲ್ಲಿ ತೋಟದ ಮೇಲಿಂದ ಬರುವ ಗಾಳಿ ಹೆಂಚಿನ ಸಂದಿಯಲ್ಲಿ ನುಗ್ಗುತ್ತದೆ. ಮಣ್ಣಿನ ನೆಲ, ತೆಳ್ಳಗಿನ ಹೊದಿಕೆ. ಚಳಿ ಆಗದೆ ಇರ್ತದಾ?

ಆಗ ನಾವು ಏನು ಮಾಡ್ತೇವೆ? ಕಿಟಕಿ ಮುಚ್ಚುತ್ತೇವೆ. ಬಾಗಿಲ ಸಂದಿಗೆ ಹಳೆ ಬಟ್ಟೆ ತುರುಕುತ್ತೇವೆ. ಒಲೆಯ ಕೆಂಡವನ್ನು ಅಗ್ಗಿಷ್ಟಿಕೆಗೋ ಹಳೆ ಬಾಣಲೆಗೋ ತುಂಬಿ ಮಲಗುವ ಕೋಣೆಗೆ ತರುತ್ತೇವೆ. ಮೊದಲ ಎರಡು ಕೆಲಸ ಅಷ್ಟೇನೂ ತಪ್ಪಲ್ಲ. ಮೂರನೆಯದು ತಪ್ಪು. ಮೂರೂ ಒಟ್ಟಿಗೆ ಸೇರಿದರೆ ಜೀವವೇ ಹೋಗಬಹುದು. ಇದನ್ನು ಪುಸ್ತಕ ಓದಿ ಹೇಳ್ತಾ ಇಲ್ಲ. ನನ್ನ ಮೊದಲ ಬಾಣಂತನದಲ್ಲಿ ನಾನೇ ಕಂಡಿದ್ದು.

ಪುಷ್ಯ ಮಾಸದ ಆ ರಾತ್ರಿ

ಅದು 2005ರ ಜನವರಿ. ನಮ್ಮ ತವರು ಹಾಸನ ಜಿಲ್ಲೆಯಲ್ಲಿ, ಮಲೆನಾಡಿನ ಸೆರಗಿನಲ್ಲಿದೆ. ಹೆರಿಗೆ ಆಸ್ಪತ್ರೆಯಲ್ಲಿ ಆಯಿತು. ಹೆಣ್ಣು ಮಗು. ಐದನೇ ದಿನ ಮನೆಗೆ ಬಂದೆವು. ಹಿಂದಿನ ಕೋಣೆಯಲ್ಲಿ ನನಗೂ ಮಗುವಿಗೂ ಮಂಚ ಹಾಕಿದರು.

ಅಜ್ಜಿ ಆ ಕೋಣೆಯನ್ನು ಡಬ್ಬಿಯ ಹಾಗೆ ಮುಚ್ಚಿದಳು. ಕಿಟಕಿಗೆ ಗೋಣಿಚೀಲ ಹೊಡೆದಳು. ಬಾಗಿಲ ಕೆಳಗೆ ಹಳೆ ಸೀರೆ ಸುತ್ತಿ ಇಟ್ಟಳು. ರಾತ್ರಿ ಆದರೆ ಅಗ್ಗಿಷ್ಟಿಕೆ ತುಂಬ ಇದ್ದಿಲ ಕೆಂಡ. ಅದನ್ನು ಮಂಚದ ಕೆಳಗೆ ತಳ್ಳುವಳು. ಮೇಲೆ ಒಂದು ಚಿಟಿಕೆ ಸಾಂಬ್ರಾಣಿ.

"ಕೆಂಡ ಯಾಕಜ್ಜಿ, ಕಂಬಳಿ ಸಾಕು" ಅಂದೆ.

"ಸುಮ್ಮನಿರು ಮಗಾ. ನಾನು ಎಂಟು ಹೆತ್ತೆ. ಎಂಟಕ್ಕೂ ಇದೇ ಅಗ್ಗಿಷ್ಟಿಕೆ. ಬಾಣಂತಿ ಮೈಗೆ ಥಂಡಿ ಗಾಳಿ ಸೋಕಿದರೆ ಜನ್ಮ ಪೂರ್ತಿ ಸೊಂಟ ನೋವು" ಅಂದಳು.

ಮೂರು ರಾತ್ರಿ ಹೀಗೇ ಆಯಿತು. ಬೆಳಗ್ಗೆ ಎದ್ದರೆ ತಲೆ ಭಾರ. ಬಾಗಿಲು ತೆಗೆದು ಬಚ್ಚಲಿಗೆ ಹೋಗಿ ಬಂದರೆ ಹಗುರ. ಅದನ್ನು ಯಾರಿಗೂ ಹೇಳಲಿಲ್ಲ. ನಿದ್ದೆಗೆಟ್ಟಿದ್ದಕ್ಕೆ ಹೀಗೆ ಅಂದುಕೊಂಡೆ.

ನಾಲ್ಕನೇ ರಾತ್ರಿ ಚಳಿ ಜಾಸ್ತಿ. ಅಜ್ಜಿ ಎರಡು ಪಾಲು ಕೆಂಡ ತುಂಬಿದಳು. ಅವ್ವ ನೆಲದ ಮೇಲೆ ಚಾಪೆ ಹಾಸಿ ಮಲಗಿದಳು. ನಡುರಾತ್ರಿ ನನಗೆ ಎಚ್ಚರ ಆಯಿತು. ತಲೆ ಸಿಡಿಯುವಷ್ಟು ನೋವು. ಹೊಟ್ಟೆ ತೊಳೆಸುತ್ತಿತ್ತು. ಪಕ್ಕದಲ್ಲಿ ಮಗು ಅಲುಗಾಡದೆ ಮಲಗಿತ್ತು. ಹಾಲಿಗೆ ಅಳುವ ಹೊತ್ತು ಮೀರಿತ್ತು, ಆದರೂ ಅತ್ತಿರಲಿಲ್ಲ. ಅವ್ವನನ್ನು ಕೂಗಿದೆ. ಏಳಲಿಲ್ಲ. ಮಂಚದಿಂದ ಇಳಿದರೆ ಕಾಲು ನಿಲ್ಲಲಿಲ್ಲ. ಬೀಳುವಾಗ ಕೈಗೆ ಸಿಕ್ಕ ನೀರಿನ ಚೊಂಬು ಉರುಳಿ ಸದ್ದಾಯಿತು.

ಆ ಸದ್ದಿಗೆ ಪಡಸಾಲೆಯಲ್ಲಿದ್ದ ಅಪ್ಪ ಎದ್ದು ಬಂದ. ಬಾಗಿಲು ನೂಕಿ ತೆಗೆದ. ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದ. ಆಮೇಲೆ ನನ್ನನ್ನೂ ಅವ್ವನನ್ನೂ ಎಳೆದು ತಂದ. ಅಜ್ಜಿ ಹಿಂದೆಯೇ ಕೂಗಿಕೊಂಡು ಬಂದಳು. "ಅಯ್ಯೋ, ಹಸಿ ಬಾಣಂತಿಗೆ ಗಾಳಿ ಸೋಕ್ತದೆ, ಒಳಗೆ ಕರ್ಕೊಂಡು ಹೋಗೋ!"

ಆ ತಣ್ಣನೆ ಗಾಳಿಯೇ ನಮ್ಮನ್ನು ಉಳಿಸಿತು. ಅಂಗಳದಲ್ಲಿ ಸ್ವಲ್ಪ ಹೊತ್ತಿಗೆ ಮಗು ಅತ್ತಿತು. ಆ ಅಳುವಿನಷ್ಟು ಹಿತವಾದ ಸದ್ದು ನಾನು ಮತ್ತೆ ಕೇಳಿಲ್ಲ.

ಆಗ ನಮ್ಮಲ್ಲಿ 108 ಗಾಡಿ ಇನ್ನೂ ಬಂದಿರಲಿಲ್ಲ. ಅದು ಕರ್ನಾಟಕಕ್ಕೆ ಬಂದದ್ದು 2008ರಲ್ಲಿ. ಪಕ್ಕದ ಮನೆಯವರ ಜೀಪಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಡಾಕ್ಟರು ಮೊದಲು ಕೇಳಿದ್ದು ಒಂದೇ ಮಾತು. "ಕೋಣೇಲಿ ಬೆಂಕಿ ಇತ್ತಾ?"

"ಬೆಂಕಿ ಎಲ್ಲಿ ಸ್ವಾಮಿ, ಬರೀ ಕೆಂಡ. ಒಂದು ಎಳೆ ಹೊಗೆ ಕೂಡ ಇರಲಿಲ್ಲ" ಅಂದಳು ಅಜ್ಜಿ.

"ಹೊಗೆ ಇಲ್ಲದ್ದಕ್ಕೇ ನೀವು ಹೆದರಲಿಲ್ಲ ಅಜ್ಜಿ" ಅಂದರು ಡಾಕ್ಟರು. ನಮ್ಮ ಮೂವರಿಗೂ ಮೂಗಿಗೆ ಆಮ್ಲಜನಕ ಹಚ್ಚಿದರು.

ಕಾಣದ ಗಾಳಿ

ಆ ಡಾಕ್ಟರು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತೇನೆ. ನಿಧಾನವಾಗಿ ಓದಿ. ಅರ್ಥ ಆಗದಿದ್ದರೆ ಇನ್ನೊಂದು ಸಲ ಓದಿ.

ಬೆಂಕಿಯೂ ನಮ್ಮ ಹಾಗೆ ಉಸಿರಾಡುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಅದಕ್ಕೆ ಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಅದು ನಮ್ಮ ಪಾಲಿನ ಆಮ್ಲಜನಕವನ್ನೂ ತಿನ್ನುತ್ತದೆ. ಅದರ ಜೊತೆಗೆ ಒಂದು ವಿಷದ ಗಾಳಿಯನ್ನು ಬಿಡುತ್ತದೆ. ಅದರ ಹೆಸರು ಕಾರ್ಬನ್ ಮಾನಾಕ್ಸೈಡ್. ಹೆಸರು ಉದ್ದ. ಬಾಯಲ್ಲಿ ಹೇಳಲು ಕಷ್ಟ ಆದರೆ "ಕೆಂಡದ ವಿಷ" ಅಂತ ನೆನಪಿಡಿ.

ಈ ವಿಷಕ್ಕೆ ಬಣ್ಣ ಇಲ್ಲ. ವಾಸನೆ ಇಲ್ಲ. ಕಣ್ಣು ಉರಿಯುವುದಿಲ್ಲ. ಕೆಮ್ಮು ಬರುವುದಿಲ್ಲ. ಹಸಿ ಸೌದೆಯ ಹೊಗೆ ಬಂದರೆ ನಾವು ಎದ್ದು ಹೊರಗೆ ಹೋಗುತ್ತೇವೆ. ಕೆಂಪಗೆ ಹೊಳೆಯುವ ಕೆಂಡದ ಮುಂದೆ ಹಾಯಾಗಿ ನಿದ್ದೆ ಮಾಡುತ್ತೇವೆ. ಇದ್ದಿಲ ಕೆಂಡ ಹೊಗೆಯಿಲ್ಲದೆ ಶುದ್ಧವಾಗಿ ಕಾಣುತ್ತದೆ. ಆದರೆ ಈ ವಿಷವನ್ನು ಅದು ಬಹಳ ಬಿಡುತ್ತದೆ.

ಮೈಯೊಳಗೆ ಹೋಗಿ ಅದು ಮಾಡುವ ಕೆಲಸ ಹೀಗಿದೆ. ನಮ್ಮ ರಕ್ತದಲ್ಲಿ ಕೆಂಪು ಕಣಗಳಿವೆ. ಅವನ್ನು ಎತ್ತಿನ ಗಾಡಿ ಅಂದುಕೊಳ್ಳಿ. ಶ್ವಾಸಕೋಶದಿಂದ ಆಮ್ಲಜನಕದ ಮೂಟೆ ತುಂಬಿಕೊಂಡು ಮಿದುಳಿಗೆ, ಹೃದಯಕ್ಕೆ, ಕೈಕಾಲಿಗೆ ಒಯ್ಯುವುದು ಅವುಗಳ ಕೆಲಸ. ಈ ವಿಷ ಬಂದರೆ ಗಾಡಿ ಹತ್ತಿ ಕೂರುತ್ತದೆ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಇಳಿ ಅಂದರೆ ಇಳಿಯುವುದಿಲ್ಲ. ಗಾಡಿ ಓಡ್ತಾ ಇರ್ತದೆ, ಆದರೆ ಮೂಟೆ ಇಲ್ಲ. ಮಿದುಳು ಹಸಿದು ಸೋಲುತ್ತದೆ.

ಮೊದಲು ತಲೆನೋವು. ಆಮೇಲೆ ತಲೆ ಸುತ್ತು, ವಾಂತಿ, ಕೈಕಾಲು ಸೋಲು, ಮಂಪರು. ಎದ್ದು ಹೋಗಬೇಕು ಅಂತ ತಿಳಿಯುವ ಹೊತ್ತಿಗೆ ಎದ್ದು ನಿಲ್ಲುವ ಶಕ್ತಿ ಇರುವುದಿಲ್ಲ. ನಿದ್ದೆಯಲ್ಲಿದ್ದವರಿಗೆ ತಿಳಿಯುವುದೇ ಇಲ್ಲ.

ಹಸುಗೂಸಿಗೆ ಅಪಾಯ ಇನ್ನೂ ಹೆಚ್ಚು. ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಕೂಸು 30ರಿಂದ 60 ಸಲ. ಅಷ್ಟು ಬೇಗ ಬೇಗ ವಿಷವನ್ನೂ ಎಳೆದುಕೊಳ್ಳುತ್ತದೆ. ಬಸುರಿಯ ಹೊಟ್ಟೆಯಲ್ಲಿರುವ ಮಗುವಿಗೂ ಈ ವಿಷ ತಾಯಿಯ ರಕ್ತದ ಮೂಲಕ ತಲುಪುತ್ತದೆ.

ಒಂದು ಗುರುತು ನೆನಪಿಡಿ. ಮನೆಯಲ್ಲಿ ಒಬ್ಬರಿಗೆ ತಲೆನೋವು ಬಂದರೆ ನೂರು ಕಾರಣ ಇರಬಹುದು. ಒಂದೇ ಕೋಣೆಯಲ್ಲಿ ಮಲಗಿದ ಎಲ್ಲರಿಗೂ ಒಟ್ಟಿಗೇ ತಲೆನೋವು ಬಂದರೆ, ಹೊರಗೆ ಹೋದಾಗ ಕಡಿಮೆ ಆದರೆ, ಕೆಂಡದ ಮೇಲೆ ಅನುಮಾನ ಪಡಿ. ನನ್ನ ಮೂರು ಬೆಳಗಿನ ತಲೆಭಾರ ಅದೇ ಆಗಿತ್ತು.

ಹಾಗೆ ಆದಾಗ ಮಾಡಬೇಕಾದ್ದು ಇಷ್ಟು. ಬಾಗಿಲು, ಕಿಟಕಿ ತೆಗೆಯಿರಿ. ಎಲ್ಲರನ್ನೂ ಹೊರಗೆ ತನ್ನಿ. ಚಳಿ ಅಂತ ನೋಡಬೇಡಿ, ಕಂಬಳಿ ಹೊದಿಸಿ. ಮಂಪರಿನಲ್ಲಿರುವವರ ಬಾಯಿಗೆ ನೀರು, ಮಜ್ಜಿಗೆ, ಕಷಾಯ ಏನೂ ಹುಯ್ಯಬೇಡಿ. 108ಕ್ಕೆ ಫೋನ್ ಮಾಡಿ. "ಮುಚ್ಚಿದ ಕೋಣೆಯಲ್ಲಿ ಕೆಂಡ ಇತ್ತು" ಅಂತ ಮರೆಯದೆ ಹೇಳಿ. ಆ ಒಂದು ಮಾತಿನಿಂದ ಡಾಕ್ಟರಿಗೆ ಅರ್ಧ ಕೆಲಸ ಆಗುತ್ತದೆ. ಮಾಮೂಲಿ ಗಾಳಿಯಲ್ಲಿ ಉಸಿರಾಡಿದರೆ ರಕ್ತದಲ್ಲಿ ಸೇರಿದ ವಿಷ ಅರ್ಧಕ್ಕೆ ಇಳಿಯಲು ಸುಮಾರು 4ರಿಂದ 5 ಗಂಟೆ ಬೇಕು. ಆಸ್ಪತ್ರೆಯ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ. ಎದ್ದು ಕೂತರು, ಮಾತಾಡಿದರು ಅಂತ ಆಸ್ಪತ್ರೆಗೆ ಹೋಗುವುದನ್ನು ಬಿಡಬೇಡಿ.

ಕೆಲವರು ಹೇಳ್ತಾರೆ, ಕೆಂಡದ ಪಕ್ಕ ಒಂದು ಬೋಗುಣಿ ನೀರಿಟ್ಟರೆ ವಿಷ ನೀರಿಗೆ ಇಳಿಯುತ್ತದೆ ಅಂತ. ಅದು ಸುಳ್ಳು. ಈ ಗಾಳಿ ನೀರಿನಲ್ಲಿ ಕರಗಿ ಮುಗಿದು ಹೋಗುವಂಥದ್ದಲ್ಲ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿದರೂ ನಿಲ್ಲುವುದಿಲ್ಲ. ನೆಲದ ಮೇಲೆ ಮಲಗಿದರೆ ತಾಗುವುದಿಲ್ಲ ಅನ್ನುವುದೂ ಸರಿಯಲ್ಲ. ಅದು ಕೋಣೆಯ ಗಾಳಿಯಲ್ಲೆಲ್ಲ ಬೆರೆಯುತ್ತದೆ. ನೆಲದ ಮೇಲಿದ್ದ ನಮ್ಮವ್ವನಿಗೇ ಎಚ್ಚರ ತಪ್ಪಿರಲಿಲ್ಲವೇ?

ಅಜ್ಜಿಯ ಎಂಟು ಬಾಣಂತನಕ್ಕೆ ಏನೂ ಆಗಲಿಲ್ಲ, ಯಾಕೆ?

ಈ ಪ್ರಶ್ನೆ ಅಜ್ಜಿಯನ್ನು ಬಹಳ ದಿನ ಕಾಡಿತು. ನನ್ನನ್ನೂ ಕಾಡಿತು. ಅಜ್ಜಿ ದಡ್ಡಿ ಅಲ್ಲ. ಊರಿನ ಅರ್ಧ ಮಕ್ಕಳಿಗೆ ಎಣ್ಣೆ ನೀರು ಹಾಕಿದವಳು.

ಉತ್ತರ ಮನೆಯ ಮಾಡಿನಲ್ಲಿತ್ತು. ಅಜ್ಜಿಯ ಕಾಲದಲ್ಲಿ ಅದು ನಾಡಹೆಂಚಿನ ಮನೆ. ಹೆಂಚು ಹೆಂಚಿನ ನಡುವೆ ಬೆರಳು ತೂರುವಷ್ಟು ಸಂದಿ. ಗೋಡೆ ಮಾಡಿಗೆ ಮುಟ್ಟುತ್ತಿರಲಿಲ್ಲ. ಬಿಸಿ ಗಾಳಿ ಮೇಲೆ ಏರಿ ಹೊರಗೆ ಹೋಗುತ್ತಿತ್ತು, ಹೊಸ ಗಾಳಿ ಕೆಳಗಿನಿಂದ ಬರುತ್ತಿತ್ತು. ಚಳಿಯೂ ಬರುತ್ತಿತ್ತು, ನಿಜ. ಆದರೆ ಜೀವ ಉಳಿಯುತ್ತಿತ್ತು. ನನ್ನ ಹೆರಿಗೆಗೆ ಎರಡು ವರ್ಷ ಮೊದಲು ಅಪ್ಪ ಆ ಹಿಂದಿನ ಕೋಣೆಗೆ ಸಿಮೆಂಟಿನ ತಾರಸಿ ಹಾಕಿಸಿದ್ದ. ಒಂದು ಬೆಳಕಿಂಡಿ ಕೂಡ ಬಿಟ್ಟಿರಲಿಲ್ಲ. ಮನೆ ಹೊಸದಾಯಿತು. ಅಗ್ಗಿಷ್ಟಿಕೆ ಹಳೆಯದೇ ಉಳಿಯಿತು.

ಅಜ್ಜಿಗೆ ಇದನ್ನು ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು, "ಹಂಗಾದ್ರೆ ನಮ್ಮ ಕಾಲದಲ್ಲೂ ಎಷ್ಟು ಬಾಣಂತೀರು, ಕೂಸು ಸುಮ್ಮಸುಮ್ಮನೆ ಹೋಗಿದ್ದಾರೋ. ನಾವು ಸನ್ನಿ ಅಂದ್ವಿ, ಗಾಳಿ ಸೋಂಕು ಅಂದ್ವಿ."

ನಿಮ್ಮ ಮನೆಯಲ್ಲೂ ಅತ್ತೆ, ಅಜ್ಜಿ ಕೆಂಡ ತರಲು ಬಂದರೆ ಜಗಳ ಆಡಬೇಡಿ. ಅವರು ಪ್ರೀತಿಯಿಂದಲೇ ತರುವುದು. ಹೊಸ ಮನೆಯ ಗೋಡೆ, ಮಾಡು ತೋರಿಸಿ ಹೇಳಿ. ಈ ಪಾಠವನ್ನು ಅವರಿಗೆ ಓದಿ ಹೇಳಿ.

ಕೂಸು ಬೆಚ್ಚಗಿರಬೇಕಲ್ಲ?

ಖಂಡಿತ ಬೇಕು. ಹುಟ್ಟಿದ ಮಗು ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದು. ಅಜ್ಜಿಯ ಹೆದರಿಕೆಯಲ್ಲಿ ಸತ್ಯ ಇದೆ. ದಾರಿ ಮಾತ್ರ ಬೇರೆ ಬೇಕು.

ಎಲ್ಲಕ್ಕಿಂತ ಒಳ್ಳೆಯ ಅಗ್ಗಿಷ್ಟಿಕೆ ತಾಯಿಯ ಎದೆ. ಮಗುವಿಗೆ ಟೋಪಿ, ಕಾಲುಚೀಲ ಹಾಕಿ. ಬಟ್ಟೆ ಸುತ್ತದೆ ತಾಯಿಯ ಬರಿ ಎದೆಗೆ ಒರಗಿಸಿ. ಮಗುವಿನ ಮುಖ ಒಂದು ಪಕ್ಕಕ್ಕೆ ತಿರುಗಿರಲಿ, ಮೂಗು ಕಾಣುತ್ತಿರಲಿ. ಮೇಲಿಂದ ಇಬ್ಬರಿಗೂ ಸೇರಿಸಿ ಶಾಲು ಸುತ್ತಿ. ತಾಯಿಯ ಮೈಯ ಬಿಸಿ ಮಗುವಿಗೆ ಇಳಿಯುತ್ತದೆ. ಇದನ್ನು ಕಾಂಗರೂ ಆರೈಕೆ ಅಂತಾರೆ. ಕಾಂಗರೂ ಅನ್ನುವುದು ಹೊಟ್ಟೆಯ ಚೀಲದಲ್ಲಿ ಮರಿಯನ್ನು ಇಟ್ಟುಕೊಳ್ಳುವ ಪ್ರಾಣಿ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಒಂದು ಆಸ್ಪತ್ರೆಯಲ್ಲಿ 1978ರಲ್ಲಿ ಇದು ಶುರುವಾಯಿತು. ಅಲ್ಲಿ ಮಗುವನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಗಳು ಸಾಲದೆ ಬಂದಿದ್ದವು. ಡಾಕ್ಟರುಗಳು ತಾಯಂದಿರ ಎದೆಯನ್ನೇ ಪೆಟ್ಟಿಗೆ ಮಾಡಿದರು. ತೂಕ ಕಡಿಮೆ ಇದ್ದ ಮಕ್ಕಳೂ ಬದುಕಿದವು. ಈಗ ನಮ್ಮ ಆಸ್ಪತ್ರೆಗಳಲ್ಲೂ ಇದನ್ನು ಹೇಳಿಕೊಡುತ್ತಾರೆ. ತಾಯಿಗೆ ಸುಸ್ತಾದರೆ ಅಪ್ಪ, ಅಜ್ಜಿ, ಚಿಕ್ಕಮ್ಮ ಯಾರ ಎದೆಯಾದರೂ ಆಗುತ್ತದೆ.

ಹುಟ್ಟಿದ ದಿನವೇ ಮಗುವಿಗೆ ನೀರು ಹಾಕಬೇಡಿ. ಒಂದು ದಿನ ಕಳೆಯಲಿ. ಆಮೇಲೂ ಬಿಸಿಲು ಬಂದ ಹೊತ್ತಿನಲ್ಲಿ, ಗಾಳಿ ಬೀಸದ ಕಡೆ ಸ್ನಾನ ಮಾಡಿಸಿ. ಕೂಡಲೇ ಒರೆಸಿ, ತಲೆ ಮೊದಲು ಒರೆಸಿ. ಸಾಂಬ್ರಾಣಿ ಹೊಗೆ ಕೂಸಿನ ಮೂಗಿಗೆ ಬೇಡ. ತಾಯಿಯ ಕೂದಲು ಒಣಗಲು ಬಿಸಿಲೇ ಸಾಕು.

ಕೆಂಡ ಬೇಕೇ ಬೇಕು ಅಂದರೆ? ಸಂಜೆ ಅಂಗಳದಲ್ಲಿ, ಜಗುಲಿಯಲ್ಲಿ ಬೆಂಕಿ ಕಾಯಿಸಿ. ಹಾಸಿಗೆ, ಕಂಬಳಿಯನ್ನು ಒಲೆಯ ಹತ್ತಿರ ಹಿಡಿದು ಬೆಚ್ಚಗೆ ಮಾಡಿಕೊಂಡು ಹೋಗಿ ಮಲಗಿ. ಮಲಗುವ ಕೋಣೆಗೆ ಕೆಂಡ ಬೇಡ. ಕಿಟಕಿ ಸ್ವಲ್ಪ ತೆಗೆದಿದ್ದೇವಲ್ಲ, ಇರಲಿ ಬಿಡು ಅನ್ನಬೇಡಿ. ರಾತ್ರಿ ಗಾಳಿ ಬೀಸಿದರೆ ಆ ಕಿಟಕಿ ಮುಚ್ಚಿಕೊಂಡು ಬಿಡಬಹುದು. ಯಾರೋ ಚಳಿಗೆ ಎದ್ದು ಮುಚ್ಚಲೂಬಹುದು.

ಕಾಫಿ ಕೊಯ್ಲಿಗೆ ಗುಳೆ ಹೋಗುವ ಅಕ್ಕಂದಿರೇ, ನಿಮಗೆ ಒಂದು ಮಾತು. ಕೊಯ್ಲು ಬರುವುದೇ ಚಳಿಗಾಲದಲ್ಲಿ. ತೋಟದ ಲೈನ್ ಮನೆಯ ಒಂದೇ ಕೋಣೆಯಲ್ಲಿ ಅಡುಗೆ, ಅಲ್ಲೇ ಮಲಗುವುದು. ಬಯಲುಸೀಮೆಯಿಂದ ಹೋದವರಿಗೆ ಆ ಚಳಿ ಹೊಸದು. ರಾತ್ರಿ ಅಡುಗೆ ಮುಗಿದ ಮೇಲೆ ಒಲೆಯ ಕೆಂಡಕ್ಕೆ ನೀರು ಹಾಕಿ ಪೂರ್ತಿ ಆರಿಸಿ, ಹೊರಗೆ ಚೆಲ್ಲಿ. ಬೂದಿ ಮುಚ್ಚಿ ಉಳಿಸಿದ ಕೆಂಡವೂ ಬೆಳಗಿನ ತನಕ ವಿಷ ಬಿಡುತ್ತಲೇ ಇರುತ್ತದೆ. ಬೆಳಗ್ಗೆ ಒಂದು ಕಡ್ಡಿ ಗೀರಿದರೆ ಬೆಂಕಿ ಬರ್ತದೆ.

ಮನೆಯನ್ನು ಚಳಿಗೆ ಅಣಿ ಮಾಡುವುದು

ಕೆಂಡ ಬಿಟ್ಟ ಮೇಲೆ ಚಳಿ ತಡೆಯುವುದು ಹೇಗೆ? ಕೆಲಸ ಇರುವುದು ಮುಂಚೆಯೇ. ಚಳಿ ಹಿಡಿದ ಮೇಲೆ ಅಲ್ಲ.

ಮಳೆ ನಿಂತ ಕೂಡಲೇ ಜಾರಿದ ಹೆಂಚು ಸರಿ ಮಾಡಿಸಿ. ಗೋಡೆಯ ಬಿರುಕಿಗೆ ಮಣ್ಣು ಮೆತ್ತಿ. ಬೆಂಕಿ ಇಲ್ಲದ ಕೋಣೆಯಲ್ಲಿ ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ಸುರುಳಿ ಇಟ್ಟರೆ ಅಡ್ಡಿಯಿಲ್ಲ. ಮೇಲಿನ ಬೆಳಕಿಂಡಿ ಮಾತ್ರ ತೆರೆದೇ ಇರಲಿ. ಹತ್ತು ಜನ ಮಲಗಿದ ಕೋಣೆಗೆ ಬರಿ ಉಸಿರಿಗೇ ಹೊಸ ಗಾಳಿ ಬೇಕು. ಕೆಮ್ಮು, ನೆಗಡಿ, ಕ್ಷಯ ಹರಡುವುದು ಮುಚ್ಚಿದ ಕೋಣೆಯಲ್ಲಿ.

ಚಳಿ ಮೇಲಿನಿಂದ ಬರ್ತದೆ ಅಂತ ನಾವು ಹೊದಿಕೆ ಮೇಲೆ ಹೊದಿಕೆ ಹೊದೆಯುತ್ತೇವೆ. ನಿಜವಾಗಿ ಮೈಯ ಬಿಸಿಯನ್ನು ನೆಲವೂ ಎಳೆಯುತ್ತದೆ. ಚಾಪೆಯ ಕೆಳಗೆ ಒಣ ಹುಲ್ಲು ಹರಡಿ, ಇಲ್ಲವೇ ಎರಡು ಗೋಣಿಚೀಲ ಹಾಸಿ. ಒಂದು ಕಂಬಳಿ ಹೆಚ್ಚು ಹೊದ್ದಷ್ಟು ವ್ಯತ್ಯಾಸ ಗೊತ್ತಾಗುತ್ತದೆ. ಹಳೆ ಸೀರೆಗಳನ್ನು ಪದರ ಪದರ ಇಟ್ಟು ಹೊಲಿದ ಕೌದಿ ಬೆಚ್ಚಗಿರುವುದು ಬಟ್ಟೆಯಿಂದ ಮಾತ್ರ ಅಲ್ಲ, ಪದರದ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಹಗಲು ಹಾಸಿಗೆ, ಕೌದಿ ಬಿಸಿಲಿಗೆ ಹಾಕಿ. ಬಿಸಿಲು ಇಳಿಯುವ ಮೊದಲೇ ಒಳಗೆ ತನ್ನಿ, ಇಬ್ಬನಿ ಹಿಡಿಯದ ಹಾಗೆ.

ಒದ್ದೆ ಬಟ್ಟೆ ಮಲಗುವ ಕೋಣೆಯಲ್ಲಿ ಒಣಹಾಕಬೇಡಿ. ಗೋಡೆ ತೇವ ಹಿಡಿದು ಬೂಸ್ಟು ಬರುತ್ತದೆ. ಉಬ್ಬಸ ಇರುವವರಿಗೆ ಆ ಬೂಸ್ಟು ಆಗುವುದಿಲ್ಲ. ಸೊಳ್ಳೆ ಬತ್ತಿಯದೂ ಒಂದು ಮಾತು. 2003ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಒಂದು ಸುರುಳಿ ಬಿಡುವ ಸಣ್ಣ ಹೊಗೆಕಣ 75ರಿಂದ 137 ಸಿಗರೇಟಿನಷ್ಟು ಅಂತ ಕಂಡುಬಂತು. ಮನೆಯಲ್ಲಿ ಬೀಡಿ ಸೇದುವ ಗಂಡನ ಮೇಲೆ ರೇಗುತ್ತೇವೆ. ಬತ್ತಿಯನ್ನು ನಾವೇ ಮಗುವಿನ ತಲೆದೆಸೆಗೆ ಹಚ್ಚುತ್ತೇವೆ! ಸೊಳ್ಳೆಪರದೆ ಕಟ್ಟಿ. ಪರದೆ ಒಳಗೆ ಸ್ವಲ್ಪ ಬೆಚ್ಚಗೂ ಇರ್ತದೆ.

ಅಡುಗೆಮನೆಯ ಹೊಗೆ

ಕೆಂಡದ ವಿಷ ಒಂದೇ ರಾತ್ರಿಯಲ್ಲಿ ಕೊಲ್ಲಬಹುದು. ಒಲೆಯ ಹೊಗೆ ಇಪ್ಪತ್ತು ವರ್ಷ ತೆಗೆದುಕೊಳ್ಳುತ್ತದೆ. ಮಕ್ಕಳಿಗೆ ನ್ಯುಮೋನಿಯಾ, ಹೆಂಗಸರಿಗೆ ಬಿಡದ ಕೆಮ್ಮು, ಏದುಸಿರು, ಕಣ್ಣಿಗೆ ಪೊರೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅವರಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು.

ಚಳಿಗಾಲದಲ್ಲಿ ಈ ಹೊಗೆ ಜಾಸ್ತಿ. ಬಾಗಿಲು ಮುಚ್ಚಿರ್ತದೆ, ಒಲೆ ಹೆಚ್ಚು ಹೊತ್ತು ಉರಿಯುತ್ತದೆ, ಸೌದೆ ಇಬ್ಬನಿ ಕುಡಿದಿರ್ತದೆ. ಹಸಿ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ. ಆ ನೀರು ಆರುವ ತನಕ ಬೆಂಕಿ ಹೊಗೆಯಾಡುತ್ತದೆ. ಅದಕ್ಕೇ ಸೌದೆಯನ್ನು ಬೇಸಿಗೆಯಲ್ಲೇ ಸೀಳಿ ಒಣಗಿಸಿ ಮಳೆ ತಾಗದ ಕಡೆ ಒಟ್ಟಬೇಕು. ಸಣ್ಣ ಸಣ್ಣ ಸೀಳು ಚೆನ್ನಾಗಿ ಉರಿಯುತ್ತದೆ. ಒಲೆಯ ಬಾಯಿಗೆ ಸೌದೆ ತುರುಕಿ ತುಂಬಬೇಡಿ.

ನಿಮ್ಮ ಅವ್ವಂದಿರಿಗೆ ಅಸ್ತ್ರ ಒಲೆ ನೆನಪಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡಬೇಕು ಅಂತ ಹೊರಟವರು ಅಮೂಲ್ಯ ರೆಡ್ಡಿ ಎಂಬ ವಿಜ್ಞಾನಿ. ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಹಳ್ಳಿಯಲ್ಲಿ ಅವರ ಕೇಂದ್ರ ಇತ್ತು. ಅಲ್ಲಿನವರು ರೂಪಿಸಿದ್ದು ಮೂರು ಪಾತ್ರೆ ಇಡುವ ಮುಚ್ಚಿದ ಒಲೆ. ಹೊಗೆ ಕೊಳವೆಯಲ್ಲಿ ಮಾಡಿನ ಮೇಲೆ ಹೋಗುತ್ತಿತ್ತು. ಸೌದೆಯೂ ಕಡಿಮೆ ಸಾಕಾಗುತ್ತಿತ್ತು.

ನಮ್ಮ ಮನೆಗೂ ಅಂಥ ಒಲೆ ಬಂತು. ಎರಡು ವರ್ಷ ಚೆನ್ನಾಗಿತ್ತು. ಆಮೇಲೆ ಹೊಗೆ ವಾಪಸ್ ಅಡುಗೆಮನೆಗೇ ಬರತೊಡಗಿತು. ಅವ್ವ ಸಿಟ್ಟಿಗೆದ್ದು ಒಲೆ ಒಡೆದು ಹಾಕಿದಳು. ಕೊಳವೆ ನೋಡಿದರೆ ಒಳಗೆ ಮಸಿ ಗಟ್ಟಿಯಾಗಿ ಕಟ್ಟಿತ್ತು. ಒಲೆ ಕಟ್ಟಿದವರು "ತಿಂಗಳಿಗೊಮ್ಮೆ ಕೊಳವೆ ಗುಡಿಸಿ" ಅಂತ ಒಂದು ಮಾತು ಹೇಳಿರಲಿಲ್ಲ. ಒಲೆ ಕೊಡುವುದು ಸುಲಭ, ಹೇಳಿಕೊಡುವುದು ಕಷ್ಟ ಅಂತ ನನಗೆ ಆಗ ಅನ್ನಿಸಿತು. ನಿಮ್ಮ ಮನೆಯಲ್ಲಿ ಹೊಗೆ ಕೊಳವೆ ಇದ್ದರೆ ಚಳಿಗೆ ಮುಂಚೆ ಉದ್ದ ಕೋಲಿಗೆ ಬಟ್ಟೆ ಕಟ್ಟಿ ಗುಡಿಸಿ. ತುದಿಯಲ್ಲಿ ಹಕ್ಕಿ ಗೂಡು ಕಟ್ಟಿದೆಯಾ ನೋಡಿ. ಬಚ್ಚಲು ಮನೆಯ ಹಂಡೆ ಒಲೆಯ ಕೊಳವೆಯನ್ನೂ ಮರೆಯಬೇಡಿ.

2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಬಹಳ ಮನೆಗೆ ಗ್ಯಾಸ್ ಬಂತು. ಆದರೆ ಸಿಲಿಂಡರಿನ ದುಡ್ಡು ನೆನೆದು ಗ್ಯಾಸನ್ನು ಟೀಗೆ ಮಾತ್ರ ಇಟ್ಟುಕೊಂಡವರು ಎಷ್ಟು ಮಂದಿ ಇಲ್ಲ? ಪೂರ್ತಿ ಗ್ಯಾಸ್ ಆಗದಿದ್ದರೆ, ಹೆಚ್ಚು ಹೊತ್ತು ಬೇಯುವ ಹುರುಳಿ, ಮುದ್ದೆ ಎಸರನ್ನು ಹೊರಗಿನ ಒಲೆಯಲ್ಲಿ ಮಾಡಿ. ಒಳಗಿನ ಹೊಗೆ ಅಷ್ಟಾದರೂ ಕಡಿಮೆ ಆಗುತ್ತದೆ.

ಗ್ಯಾಸ್ ಸೋರಿದರೆ ವಾಸನೆ ಬರುತ್ತದೆ. ಆ ಕೆಟ್ಟ ವಾಸನೆಯನ್ನು ನಮ್ಮ ಎಚ್ಚರಿಕೆಗೆ ಅಂತಲೇ ಸೇರಿಸಿರುತ್ತಾರೆ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆಗೆಯಿರಿ. ಕಡ್ಡಿ ಗೀರಬೇಡಿ. ಲೈಟಿನ ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಪೇಟೆಯಲ್ಲಿ ಮನೆಗೆಲಸ ಮಾಡುವ ಅಕ್ಕಂದಿರು, ಬಾಡಿಗೆ ಮನೆಯಲ್ಲಿರುವವರು ಇದನ್ನೂ ಓದಿ. ನೀರು ಕಾಯಿಸುವ ಗ್ಯಾಸ್ ಗೀಜರನ್ನು ಬಚ್ಚಲು ಮನೆಯ ಒಳಗೆ ಹಾಕಿಸಬಾರದು. ಚಿಕ್ಕ ಕೋಣೆ, ಮುಚ್ಚಿದ ಬಾಗಿಲು, ಒಳಗೆ ಉರಿ. ಅಲ್ಲಿ ಹುಟ್ಟುವುದೂ ಅದೇ ಕೆಂಡದ ವಿಷ. ಸ್ನಾನಕ್ಕೆ ಹೋದವರು ಹೊರಗೆ ಬಾರದೆ ಹೋದದ್ದಿದೆ. ಗೀಜರ್ ಹೊರಗಿನ ಗೋಡೆಗೆ ಇರಲಿ.

ಮಾತಾಡಿ, ಬರೆಯಿರಿ

ನೀವು ಮಲಗುವ ಕೋಣೆಯಲ್ಲಿ ಕಿಟಕಿ ಎಷ್ಟು? ಬೆಳಕಿಂಡಿ ಇದೆಯಾ? ಮಾಡು ಹೆಂಚಿನದಾ, ತಗಡಿನದಾ, ತಾರಸಿಯಾ? ಮೂರು ಸಾಲು ಬರೆಯಿರಿ.

ನಿಮ್ಮ ಊರಿನಲ್ಲಿ ಬಾಣಂತಿಯನ್ನು ಹೇಗೆ ಬೆಚ್ಚಗಿಡುತ್ತಾರೆ? ಗುಂಪಿನಲ್ಲಿ ಒಬ್ಬೊಬ್ಬರೂ ಹೇಳಿ. ಹಿರಿಯರನ್ನು ಮೊದಲು ಕೇಳಿ.

ಈ ಪದಗಳನ್ನು ಜೋರಾಗಿ ಓದಿ: ಅಗ್ಗಿಷ್ಟಿಕೆ, ಆಮ್ಲಜನಕ, ಬೆಳಕಿಂಡಿ, ಕಾರ್ಬನ್ ಮಾನಾಕ್ಸೈಡ್.

ಮನೆಯ ಬಾಗಿಲ ಹಿಂದೆ, ಕತ್ತಲಲ್ಲೂ ಕಾಣುವಷ್ಟು ದಪ್ಪವಾಗಿ, ಸೀಮೆಸುಣ್ಣದಲ್ಲಿ ಈ ಎರಡು ಸಂಖ್ಯೆ ಬರೆಯಿರಿ. ಮಕ್ಕಳಿಂದ ಬರೆಸಬೇಡಿ, ನೀವೇ ಬರೆಯಿರಿ.

ಆಸ್ಪತ್ರೆ ಗಾಡಿಗೆ: 108

ಗ್ಯಾಸ್ ಸೋರಿದರೆ: 1906